ಸೋರುವ ತಾರಸಿ ಮತ್ತು ಕರಾರಿನ ಒಂಬತ್ತನೆಯ ಷರತ್ತು

2022ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿನ ಹನುಮಂತನಗರದ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಚಾವಣಿಗೆ ತಾಗಿದಂತೆ ಗೋಡೆಯ ಮೇಲೆ ಅಂಗೈಯಗಲದ ಒದ್ದೆ ಕಲೆ ಕಾಣಿಸಿಕೊಂಡಿತು. ಮೇಲೆ ತಾರಸಿಯನ್ನು ಬಿಟ್ಟರೆ ಬೇರೇನೂ ಇಲ್ಲದ್ದರಿಂದ ನೀರು ಎಲ್ಲಿಂದ ಬರುತ್ತಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಮಾಲೀಕರಿಗೆ ಫೋನ್ ಮಾಡಿದಾಗ, "ಮಳೆ ನಿಲ್ಲಲಿ ಕಣಮ್ಮ, ಹಸಿ ತಾರಸಿ ಮೇಲೆ ಯಾವ ಕೆಲಸವೂ ನಿಲ್ಲಲ್ಲ" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು. ಆದರೆ ನಡುವೆ ಬಿಸಿಲು ಬಿದ್ದ ದಿನಗಳಲ್ಲಿ ಮತ್ತೆ ಕೇಳಿದರೆ, "ಈಗ ಮಳೆಯೇ ಇಲ್ಲವಲ್ಲ, ಏನು ಅವಸರ?" ಎಂಬ ಉತ್ತರ ಬಂತು. ಈ ಎರಡು ಉತ್ತರಗಳ ನಡುವೆ ಎರಡು ತಿಂಗಳು ಕಳೆದವು.

ಆ ಎರಡು ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಪ್ರತಿ ಭಾನುವಾರ ಕಲೆಯ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು, ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದ್ದು. ಅಕ್ಟೋಬರಿನ ಹೊತ್ತಿಗೆ ಒಂಬತ್ತು ಗೆರೆಗಳು ಒಂದರ ಕೆಳಗೊಂದು ಇಳಿದು ಬಂದಿದ್ದವು. ಸುಣ್ಣ ಹಪ್ಪಳದಂತೆ ಎದ್ದಿತ್ತು, ಕೊನೆಯ ಗೆರೆ ಸ್ವಿಚ್ ಬೋರ್ಡಿನಿಂದ ಒಂದು ಗೇಣು ಮಾತ್ರ ಮೇಲಿತ್ತು. ನೋಡಲು ಬಂದ ಎಲೆಕ್ಟ್ರಿಷಿಯನ್ ಆ ಕೋಣೆಗೆ ವಿದ್ಯುತ್ ಕಡಿಯುವ ಸ್ವಿಚ್ಚನ್ನೇ (ಎಂ.ಸಿ.ಬಿ.) ಇಳಿಸಿ, ಗೋಡೆ ಒಣಗುವ ತನಕ ಅದನ್ನು ಮುಟ್ಟಬೇಡಿ ಎಂದು ಹೇಳಿ ಹೋದರು.

ಬಾಡಿಗೆದಾರರಿಗೆಂದೇ ಕಾನೂನಿದೆ, ಅದು ನನ್ನನ್ನು ಕಾಪಾಡುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆಂದು ತಿಳಿದು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದಾಗ, ಅಲ್ಲಿದ್ದ ವಕೀಲರು ಆ ನಂಬಿಕೆಯನ್ನು ಐದು ನಿಮಿಷದಲ್ಲಿ ಸರಿಪಡಿಸಿದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ನಮ್ಮದು 14,000. ನಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮಿನ ಪ್ರಕಾರ, ಮಾಲೀಕರು ತಾವು ಮಾಡಲು ಬದ್ಧರಾಗಿರುವ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ ಸಮಂಜಸವಾದ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಲ್ಲಿ ಎಲ್ಲರೂ ಎಡವುವುದು "ಬದ್ಧರಾಗಿರುವ" ಎಂಬ ಪದದಲ್ಲಿ. ಈ ಕಲಮು ತಾನಾಗಿ ಯಾವ ರಿಪೇರಿಯನ್ನೂ ಮಾಲೀಕರ ತಲೆಗೆ ಕಟ್ಟುವುದಿಲ್ಲ. ಆ ಹೊಣೆಯನ್ನು ಕರಾರುಪತ್ರದಲ್ಲೇ ಹುಡುಕಬೇಕು. ಟೈಪ್ ಮಾಡುವವರು ಕೊಟ್ಟಿದ್ದ ಹನ್ನೊಂದು ತಿಂಗಳ ಸಿದ್ಧ ಕರಾರಿಗೆ ನಾನು ಓದದೆಯೇ ಸಹಿ ಹಾಕಿದ್ದೆ, ಮುಂದಿನ ವರ್ಷವೂ ಅದನ್ನೇ ನವೀಕರಿಸಿಕೊಂಡಿದ್ದೆ. ಅದರ ಒಂಬತ್ತನೆಯ ಷರತ್ತಿನಲ್ಲಿ "ನಲ್ಲಿ, ಬಲ್ಬು ಮುಂತಾದ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ಗೋಡೆ, ತಾರಸಿ ಮತ್ತು ಮುಖ್ಯ ಕೊಳವೆಗಳ ರಿಪೇರಿ ಮಾಲೀಕರದು" ಎಂದಿತ್ತು. ಇದು ನನ್ನ ಜಾಣತನವಲ್ಲ, ಅದೃಷ್ಟ. ಎಲ್ಲ ರಿಪೇರಿಯೂ ಬಾಡಿಗೆದಾರರದೇ ಎಂದು ಬರೆದ ಕರಾರುಗಳನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ವಕೀಲರು ತಿದ್ದಿಕೊಟ್ಟ ಪತ್ರ ಒಂದೇ ಪುಟದ್ದಾಗಿತ್ತು. ನಾನು ಬರೆದುಕೊಂಡು ಹೋಗಿದ್ದ ಮೂರು ಪುಟಗಳ ದುಃಖವನ್ನೆಲ್ಲ ಅವರು ಹೊಡೆದು ಹಾಕಿ, ಸೋರಿಕೆ ಶುರುವಾದ ದಿನ, ಒಂಬತ್ತನೆಯ ಷರತ್ತು, ಇಬ್ಬರು ಮೇಸ್ತ್ರಿಗಳು ಬರೆದುಕೊಟ್ಟ ಅಂದಾಜು, ಮೂವತ್ತು ದಿನಗಳ ಗಡುವು ಮತ್ತು ಅದು ಮೀರಿದರೆ ನಾನೇ ಕೆಲಸ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವೆನೆಂಬ ಒಂದು ವಾಕ್ಯವನ್ನು ಮಾತ್ರ ಉಳಿಸಿದ್ದರು. ಅದನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. (2025ರಲ್ಲಿ ಆ ಸೇವೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು.) ಸಹಿಯಾದ ಸ್ವೀಕೃತಿ ಚೀಟಿ ವಾರದೊಳಗೆ ಬಂತು, ಉತ್ತರ ಬರಲಿಲ್ಲ.

ಡಿಸೆಂಬರಿನಲ್ಲಿ, ಅಂದಾಜುಗಳಲ್ಲಿ ಕಡಿಮೆಯದನ್ನೇ ಆರಿಸಿ ಕೆಲಸ ಶುರುಮಾಡಿಸಿದೆ. ಮೇಸ್ತ್ರಿಯವರು ಮಳೆನೀರಿನ ಕೊಳವೆಯ ಬಾಯಿಯ ಸುತ್ತ ಗಾರೆ ಕೆತ್ತಿದಾಗ, ಬೆರಳು ತೂರುವಷ್ಟು ಸಂದು ಬಾಯಿ ಬಿಟ್ಟುಕೊಂಡಿತ್ತು. ಅದನ್ನು ಮುಚ್ಚಿ, ಬಿರುಕುಗಳನ್ನು ತುಂಬಿ, ಎರಡು ಪದರ ವಾಟರ್‌ಪ್ರೂಫಿಂಗ್ ಲೇಪ ಹಚ್ಚಿ, ಅದು ಒಣಗಿದ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿದರು. ಒಟ್ಟು 21,500 ರೂಪಾಯಿ. ಬಡ್ಡಿಯನ್ನು ನಾನು ಕೇಳಲಿಲ್ಲ. ಎರಡು ತಿಂಗಳು 10,750ರಂತೆ ಮುರಿದು, ಉಳಿದ 3,250 ರೂಪಾಯಿಯನ್ನು ಪ್ರತಿ ಬಾರಿ ಐದನೆಯ ತಾರೀಖಿನೊಳಗೆ ಮಾಲೀಕರ ಖಾತೆಗೇ ಹಾಕಿ, ರಸೀದಿಗಳ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದೆ. ಸಿಟ್ಟಿನಲ್ಲಿ ಪೂರ್ತಿ ಬಾಡಿಗೆ ನಿಲ್ಲಿಸಿಬಿಡಿ ಎಂದು ಸಲಹೆ ಕೊಟ್ಟವರು ಹಲವರಿದ್ದರು. ಹಾಗೆ ಮಾಡಿದ್ದರೆ ಬಾಕಿದಾರಳು ಎಂಬ ಹೆಸರು ನನಗೇ ಅಂಟುತ್ತಿತ್ತು.

ಮಾಲೀಕರು ಆಗ ಮೊದಲ ಬಾರಿಗೆ ಮನೆ ಬಾಗಿಲಿಗೆ ಬಂದರು. "ನನ್ನ ಮನೆ ಮುಟ್ಟೋಕೆ ನಿಮಗೆ ಯಾರು ಹೇಳಿದ್ದು? ಮುಂದಿನ ತಿಂಗಳೇ ಖಾಲಿ ಮಾಡಿ" ಎಂದರು. ನಾನು ವಾದಕ್ಕಿಳಿಯದೆ, "ಸಾರ್, ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಅಂತ ಇದೆ, ಬರವಣಿಗೆಯಲ್ಲಿ ಕೊಡಿ, ಖಾಲಿ ಮಾಡ್ತೀನಿ" ಎಂದೆ. ಆ ನೋಟಿಸ್ ಬರಲೇ ಇಲ್ಲ.

ಮರುವರ್ಷ ನಾವಾಗಿಯೇ ಮನೆ ಬದಲಿಸಿದೆವು. ಹತ್ತು ತಿಂಗಳ ಬಾಡಿಗೆಯಷ್ಟು, ಅಂದರೆ 1,40,000 ರೂಪಾಯಿ ಮುಂಗಡ ಅವರ ಕೈಯಲ್ಲಿತ್ತು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಆದರೆ ಆಯಾ ರಾಜ್ಯ ಅಂಗೀಕರಿಸುವ ತನಕ ಅಲ್ಲಿ ಅದು ಬರೀ ಮಾದರಿ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಕರಾರಿನಲ್ಲೇ ಇದ್ದುದರಿಂದ ನಾನು ತಕರಾರು ಮಾಡಲಿಲ್ಲ. ಮಲಗುವ ಕೋಣೆಯ ಗೋಡೆ ಹಾಳಾಗಿದೆಯೆಂದು ಇನ್ನೊಂದು ತಿಂಗಳದ್ದನ್ನು ಹಿಡಿಯಲು ಬಂದಾಗ ಮಾತ್ರ, ಅವರನ್ನು ಆ ಗೋಡೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅವರು ಕನ್ನಡಕ ಏರಿಸಿಕೊಂಡು ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಒಂದೊಂದೇ ದಿನಾಂಕವನ್ನು ಓದಿ, ಏನೂ ಹೇಳದೆ ಹೊರಗೆ ಬಂದರು. ಅಂದು ಸಂಜೆ 1,26,000 ರೂಪಾಯಿ ಖಾತೆಗೆ ಬಂತು; ಸಂದೇಶ ನೋಡಿಕೊಂಡು ಬೀಗದ ಕೈ ಕೊಟ್ಟೆ.