ಕೈಗವಸು ಬಾಗಿಲಾಚೆ

ಹಿಮಕ್ಕೆ ಹೋಗುವ ಬಟ್ಟೆಯನ್ನು ತಾನೇ ಹಾಕಿಕೊಳ್ಳಲು ಮಾತಿಲ್ಲದ ಒಬ್ಬ ಹುಡುಗನಿಗೆ ಕಲಿಸಿದ ಕಥೆ ಇದು. ಬ್ಯಾಕ್‌ವರ್ಡ್ ಚೈನಿಂಗ್, ಅಂದರೆ ಕೊನೆಯ ಹಂತವನ್ನು ಮೊದಲು ಕಲಿಸಿ ಹಿಂದಕ್ಕೆ ಬರುವ ವಿಧಾನ, ಈ ಹುಡುಗನಿಗೆ ಆಗುವುದಿಲ್ಲ ಅಂತ ಎಸ್ಟೋನಿಯಾದ ತಾರ್ತುವಿನಲ್ಲಿ ಮೂರು ಜನ ಹೇಳಿದ್ದರು. ಮೈಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವಳೂ ವಾಟ್ಸಾಪ್‌ನಲ್ಲಿ ಅದನ್ನೇ ಹೇಳಿದಳು. ಆಯಿತು. ಸೋತ ಐದು ವಾರ ಬಿಟ್ಟು ಲೆಕ್ಕ ಹಾಕಿದರೆ ಹನ್ನೊಂದು ವಾರ ಹಿಡಿಯಿತು, ಆದರೆ ಆಯಿತು. ವಿಶೇಷ ಶಿಕ್ಷಣದಲ್ಲಿ ಇರುವವರಿಗೆ ಟಾಸ್ಕ್ ಅನಾಲಿಸಿಸ್ (ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯುವುದು) ಅಂದರೇನು, ಪ್ರಾಂಪ್ಟ್ (ಮಾಡಲು ಕೊಡುವ ಸುಳಿವು, ಸಹಾಯ) ಹೇಗೆ ಕಡಿಮೆ ಮಾಡಬೇಕು ಅಂತ ನಾನು ಹೇಳಬೇಕಿಲ್ಲ. ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು ಅನ್ನುವುದಷ್ಟೇ ಬರೆಯುತ್ತೇನೆ.

2018ರ ಆಗಸ್ಟ್‌ನಲ್ಲಿ ಯಜಮಾನರ ಸಂಶೋಧನೆಯ ಕೆಲಸಕ್ಕೆ ಎಸ್ಟೋನಿಯಾದ ತಾರ್ತುವಿಗೆ ಹೋದೆವು. ಇಡೀ ದೇಶದ ಜನಸಂಖ್ಯೆ 13 ಲಕ್ಷ, ಅಂದರೆ ಬೆಂಗಳೂರಿನ ಒಂದು ಮೂಲೆ. ನನ್ನ ಎಂಟು ವರ್ಷದ ಅನುಭವ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಭಾಷೆಯೂ ಬಾರದು. ಹಾಗಾಗಿ ಅಂಗವಿಕಲ ಮಕ್ಕಳ ಒಂದು ಹಗಲು ಕೇಂದ್ರದಲ್ಲಿ ಸ್ವಯಂಸೇವಕಿಯಾದೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಸಂಬಳ ಸೊನ್ನೆ, ಮಧ್ಯಾಹ್ನದ ಊಟ ಅವರದ್ದು. ಸಸ್ಯಾಹಾರಿಗೆ ಊಟ ಅಂದರೆ ಬೇಯಿಸಿದ ಆಲೂಗಡ್ಡೆ ಮತ್ತು ರೈ ಹಿಟ್ಟಿನ ಕಪ್ಪು ಬ್ರೆಡ್. ಆ ಬ್ರೆಡ್ ಮೊದಲ ವಾರ ಹುಳಿ ಅನ್ನಿಸಿತು, ಎರಡನೇ ತಿಂಗಳಿಗೆ ಅದಿಲ್ಲದೆ ಆಗುತ್ತಿರಲಿಲ್ಲ.

ಯಾರಾದರೂ ಹೋಗುವವರಿದ್ದರೆ ಒಂದು ಮಾತು. ಮಕ್ಕಳ ಜೊತೆ ಕೆಲಸ ಮಾಡುವವರ ಮೇಲೆ ಕ್ರಿಮಿನಲ್ ಕೇಸ್ ಇಲ್ಲ ಅನ್ನುವ ಕಾಗದ ಕೇಳುತ್ತಾರೆ. ನಾನು ಹೊರಡುವ ಮೊದಲೇ ಪೊಲೀಸ್ ಕ್ಲಿಯರೆನ್ಸ್ ಮಾಡಿಸಿಟ್ಟಿದ್ದೆ. ಅಪೋಸ್ಟಿಲ್ (ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ), ಭಾಷಾಂತರ, ಏಜೆಂಟ್ ಎಲ್ಲ ಸೇರಿ ಎಂಟೊಂಬತ್ತು ಸಾವಿರ ರೂಪಾಯಿ. ಆಗ ಅಲ್ಲಿನ ರಾಜಧಾನಿ ತಾಲಿನ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇರಲಿಲ್ಲ, ಏನೇ ಆದರೂ ಪಕ್ಕದ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಕಚೇರಿಯನ್ನೇ ಹಿಡಿಯಬೇಕಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಅಲ್ಲಿ ಮಕ್ಕಳನ್ನು ದಿನಾ ಹೊರಗೆ ಬಿಡುತ್ತಾರೆ. ಮೈನಸ್ ಎಂಟು ಇದ್ದರೂ ಬಿಡುತ್ತಾರೆ. ನಾವು ಮಳೆಹನಿ ಬಿದ್ದರೆ "ಶೀತ ಆಗುತ್ತೆ ಒಳಗೆ ಬಾ" ಅನ್ನುವ ಜನ. ಹೊರಗೆ ಹೋಗುವುದಕ್ಕೆ ಮೊದಲು ಉಣ್ಣೆಯ ಕಾಲುಚೀಲ, ಒಳಪ್ಯಾಂಟು, ಸ್ವೆಟರ್, ಟೋಪಿ, ಕೊಂಬಿನೆಸೋನ್, ಬೂಟು, ಕೈಗವಸು. ಕೊಂಬಿನೆಸೋನ್ ಅಂದರೆ ಕತ್ತಿನಿಂದ ಹಿಮ್ಮಡಿವರೆಗೆ ಒಂದೇ ತುಂಡಾಗಿ ಹೊಲಿದ ದಪ್ಪ ಹಿಮದಂಗಿ, ಮುಂದೆ ಉದ್ದಕ್ಕೆ ಜಿಪ್. ಹಾಕಿಕೊಂಡ ಮಗು ಉಬ್ಬಿದ ಪೂರಿ ಥರ ಕಾಣುತ್ತದೆ.

ಹುಡುಗನಿಗೆ ಏಳು ವರ್ಷ. ಆಟಿಸಂ, ಮಾತಿಲ್ಲ. ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ. ಪುಟ್ಟನಿಗೆ ಇಷ್ಟೆಲ್ಲ ಹಾಕಲು ಇಬ್ಬರು ದೊಡ್ಡವರು, ಇಪ್ಪತ್ತೈದರಿಂದ ಮೂವತ್ತು ನಿಮಿಷ. ನೆಲದ ಮೇಲೆ ಮಲಗಿಸಿ ಮೂಟೆ ತುಂಬಿದ ಹಾಗೆ ತುಂಬುವುದು. ಅವನು ಕಚ್ಚುತ್ತಿದ್ದ. ಸಿಬ್ಬಂದಿ ಕಡಿಮೆ ಇದ್ದ ದಿನ ಅವನನ್ನು ಒಳಗೇ ಬಿಡುತ್ತಿದ್ದರು. ಹೊರಗಿನ ಉಯ್ಯಾಲೆ ಅಂದರೆ ಅವನಿಗೆ ಪ್ರಾಣ. ಕಿಟಕಿಗೆ ಹಣೆ ಒತ್ತಿ ನಿಂತಿರುತ್ತಿದ್ದ.

ಮೈಸೂರಿನಲ್ಲಿ ಯೂನಿಫಾರ್ಮ್ ಷರಟು, ಚಡ್ಡಿ ಹಾಕಿಕೊಳ್ಳುವುದನ್ನು ಹದಿನೈದಿಪ್ಪತ್ತು ಮಕ್ಕಳಿಗೆ ಕಲಿಸಿದವಳು ನಾನು. ಇದೇನು ಮಹಾ ಅಂದುಕೊಂಡು ನವೆಂಬರ್‌ನಲ್ಲಿ ಶುರು ಮಾಡಿದೆ. ಹದಿನಾಲ್ಕು ಹಂತ ಮಾಡಿ, ಹದಿನಾಲ್ಕು ಫೋಟೋ ತೆಗೆದು, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿದೆ. ಹಾಳೆಗಳಿಗೆ ಒಟ್ಟು ನನ್ನ ಕೈಯಿಂದ ಹನ್ನೊಂದು ಯೂರೋ. ಆಗ ಯೂರೋಗೆ ಎಂಬತ್ತು ರೂಪಾಯಿ. ಹಿರಿಯ ಟೀಚರ್ ಬಂದು ನೋಡಿ "ವಾತಮೆ" ಅಂದರು. ನೋಡೋಣ ಅಂತ ಅರ್ಥ. ಅಲ್ಲಿ ವಾತಮೆ ಅಂದರೆ ಮುಕ್ಕಾಲು ಪಾಲು "ಇಲ್ಲ" ಅಂತ ತಿಳಿಯಲು ನನಗೆ ಕ್ರಿಸ್‌ಮಸ್ ಆಗಬೇಕಾಯಿತು. ಫೋಟೋಗಳನ್ನು ಪುಟ್ಟ ಮೂರನೇ ದಿನ ಒಂದೊಂದಾಗಿ ಕಿತ್ತು ರೇಡಿಯೇಟರ್ ಹಿಂದೆ ಹಾಕಿದ.

ಆಮೇಲೆ ಬಹುಮಾನದ ದಾರಿ ಹಿಡಿದೆ. ಕೊಹುಕೆ ಅಂತ ಅಲ್ಲಿ ಸಿಗುತ್ತದೆ, ಸಿಹಿ ಮೊಸರುಗಡ್ಡೆಗೆ ಚಾಕೊಲೇಟ್ ಹೊದಿಸಿದ್ದು, ಆಗ ಒಂದಕ್ಕೆ ನಲವತ್ತು ಸೆಂಟಿನ ಆಸುಪಾಸು ಇತ್ತು. ಇಪ್ಪತ್ತು ಯೂರೋ ಕೊಹುಕೆಗೇ ಹೋಯಿತು. ಅವನು ಚಾಕೊಲೇಟ್ ಕೆರೆದು ತಿಂದು ಒಳಗಿನದನ್ನು ನನ್ನ ಸ್ವೆಟರಿಗೆ ಒರೆಸುತ್ತಿದ್ದ.

ಐದನೇ ವಾರ ಹಿರಿಯ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದರು: ನೀನು ತುಂಬಾ ಮಾತಾಡುತ್ತೀಯ. ಬೆಣ್ಣೆ ಹಚ್ಚುವುದು ಆ ಜನಕ್ಕೆ ಗೊತ್ತಿಲ್ಲ. ಬಸ್ಸಿನಲ್ಲಿ ಅತ್ತುಕೊಂಡು ಮನೆಗೆ ಬಂದೆ. ಬಂದವಳು ಕೋಪಕ್ಕೆ, ಅವರದ್ದು ತಪ್ಪು ಅಂತ ತೋರಿಸಬೇಕೆಂದು, ಮರುದಿನ ಫೋನ್ ಜೇಬಿನಲ್ಲಿಟ್ಟು ರೆಕಾರ್ಡ್ ಮಾಡಿದೆ. ಸಂಜೆ ಕೂತು ಎಣಿಸಿದರೆ ಇಪ್ಪತ್ತೈದು ನಿಮಿಷದಲ್ಲಿ ಸುಮಾರು ನೂರನಲವತ್ತು ಸಲ ಏನಾದರೂ ಹೇಳಿದ್ದೇನೆ. "ಬಾ ಪುಟ್ಟ, ಕಾಲು ಹಾಕು, ಜಾಣಮರಿ, ಇನ್ನೊಂದು, ಅಯ್ಯೋ, ಹಾಗಲ್ಲ, ಸೂಪರ್!" ಅರ್ಧ ಕನ್ನಡ, ಅರ್ಧ ಮುರುಕು ಎಸ್ಟೋನಿಯನ್. ನಾನೇ ಕಿವಿ ಮುಚ್ಚಿಕೊಳ್ಳುವ ಹಾಗಿತ್ತು.

ಭಾಷೆಯ ವಿಷಯ ಬಂತಲ್ಲ, ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಅಲ್ಲಿಗೆ ಬಂದ ಯುರೋಪಿನವರೆಲ್ಲ ಹದಿನಾಲ್ಕು ವಿಭಕ್ತಿ ಅಂತ ತಲೆ ಚಚ್ಚಿಕೊಳ್ಳುತ್ತಿದ್ದರು. ನಮಗೇನು? ಮಯಾ ಅಂದರೆ ಮನೆ, ಮಯಾಸ್ ಅಂದರೆ ಮನೆಯಲ್ಲಿ, ಮಯಾಸ್ತ್ ಅಂದರೆ ಮನೆಯಿಂದ. ಬಾಲಕ್ಕೆ ಬಾಲ ಸೇರಿಸುವುದು ನಮ್ಮ ಮನೆಯ ಆಟವೇ. ಭವಿಷ್ಯತ್ ಕಾಲಕ್ಕೆ ಬೇರೆ ರೂಪ ಇಲ್ಲ, ನಾವು ದಿನಾ ಬರ್ತೀನಿ, ನಾಳೆ ಬರ್ತೀನಿ ಅನ್ನುವ ಹಾಗೇ. ಒತ್ತಕ್ಷರ, ದೀರ್ಘ ಎಲ್ಲ ನಾಲಿಗೆಗೆ ಮೊದಲೇ ಗೊತ್ತು. ತೊಂದರೆ ಕೊಟ್ಟಿದ್ದು ಒಂದೇ ಸ್ವರ, ನಮ್ಮ ಲಿಪಿಯಲ್ಲಿ ಇಲ್ಲದ್ದು. ತುಳು ಮಾತಾಡುವವರಿಗೆ ಸುಲಭ ಆಗಬಹುದೇನೋ. ನೀನು ನೀವು ಭೇದವೂ ಅಲ್ಲಿದೆ. ಹಿರಿಯ ಟೀಚರ್ ನಮ್ಮಮ್ಮನ ವಯಸ್ಸಿನವರು ಅಂತ ನಾನು ಎರಡು ತಿಂಗಳು ನೀವು ಅಂತಲೇ ಅಂದೆ. ಅವರು ಮೊದಲ ದಿನದಿಂದ ನೀನು ಅನ್ನುತ್ತಿದ್ದವರು, ನನಗೆ ಅವರ ಮೇಲೆ ಏನೋ ಮುನಿಸು ಅಂದುಕೊಂಡಿದ್ದರಂತೆ.

ಕ್ರಿಸ್‌ಮಸ್ ರಜೆಯಲ್ಲಿ ಮನೆಯಲ್ಲಿ ಕೂತು ನನ್ನ ಹದಿನಾಲ್ಕು ಹಂತದ ಪಟ್ಟಿಯನ್ನೇ ನೋಡುತ್ತಿದ್ದೆ. ಒಂಬತ್ತಕ್ಕೆ ಬೆಳಕು ಬಂದು ಮೂರೂಕಾಲಿಗೆ ಕತ್ತಲಾಗುವ ಕಾಲ, ಬೇರೆ ಕೆಲಸವೂ ಇರಲಿಲ್ಲ. ಆಗ ಹೊಳೆಯಿತು. ಹಿಂದಿನಿಂದ ಕಲಿಸುವುದರ ಜೀವವೇ ಕೊನೆಯ ಹಂತ. ಅದು ಮುಗಿದ ಕೂಡಲೇ ಮಗುವಿಗೆ ಬೇಕಾದ್ದು ಸಿಗಬೇಕು. ನನ್ನ ಕೊನೆಯ ಹಂತ ಯಾವುದು? ಕೈಗವಸು. ಪುಟ್ಟ ಜಗತ್ತಿನಲ್ಲಿ ಅತಿ ಹೆಚ್ಚು ದ್ವೇಷಿಸುವ ವಸ್ತು ಯಾವುದು? ಕೈಗವಸು. ಐದು ವಾರ ದಿನಾ ಅವನಿಗೆ ಕಚ್ಚುವುದನ್ನೇ ಅಭ್ಯಾಸ ಮಾಡಿಸಿದ್ದೇನೆ! ಮೈಸೂರಿನ ಮಕ್ಕಳಲ್ಲಿ ಕೊನೆಗೆ ಬರುತ್ತಿದ್ದದ್ದು ಗುಂಡಿ, ಅದನ್ನು ದ್ವೇಷಿಸುವವರು ಕಡಿಮೆ. ಅದಕ್ಕೇ ಅಲ್ಲಿ ನಾನು ಜಾಣೆಯಾಗಿದ್ದೆ.

ಜನವರಿ ಮೊದಲ ವಾರ ಹೊಸದಾಗಿ ಶುರು ಮಾಡಿದೆ. ಕೈಗವಸನ್ನು ಹಂತಗಳ ಸರಪಳಿಯಿಂದಲೇ ತೆಗೆದೆ, ಅದು ಬಾಗಿಲು ದಾಟಿದ ಮೇಲೆ. ಇದಕ್ಕೆ ಜಗಳ ಆಯಿತು. ಬರಿಗೈಯಲ್ಲಿ ಮಗುವನ್ನು ಹಿಮಕ್ಕೆ ಬಿಡುವುದು ಅವರಿಗೆ ನಮ್ಮಲ್ಲಿ ಬಾಣಂತಿಯನ್ನು ಗಾಳಿಗೆ ಬಿಟ್ಟಂತೆ. ಕೊನೆಗೆ ಮೈನಸ್ ಐದಕ್ಕಿಂತ ಕೆಳಗಿದ್ದರೆ ಬೇಡ, ಮೇಲಿದ್ದರೆ ಎರಡು ನಿಮಿಷ ಅಂತ ಒಪ್ಪಂದವಾಯಿತು.

ಜಾಗವನ್ನೂ ಬದಲಿಸಿದೆ. ಬಟ್ಟೆ ಹಾಕುತ್ತಿದ್ದದ್ದು ಇಪ್ಪತ್ತೆರಡು ಡಿಗ್ರಿಯ ಬೆಚ್ಚಗಿನ ಕೋಣೆಯಲ್ಲಿ. ಅರ್ಧ ಹಾಕುವಷ್ಟರಲ್ಲಿ ಪುಟ್ಟನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಅಲ್ಲಿನ ಕಟ್ಟಡಗಳಿಗೆ ಎರಡು ಬಾಗಿಲ ನಡುವೆ ತೂಲೆಕೋದಾ ಅಂತ ಚಿಕ್ಕ ಕೋಣೆ ಇರುತ್ತದೆ, ಗಾಳಿ ತಡೆಯಲು. ಸುಮಾರು ಹತ್ತು ಡಿಗ್ರಿ ಇರುತ್ತದೆ. ಅಲ್ಲಿ ಕೂತರೆ ಬಟ್ಟೆ ತಾನಾಗಿ ಬೇಕೆನಿಸುತ್ತದೆ. ಬೇರೆ ಮಕ್ಕಳು ಓಡಾಡುವ ಜಾಗ ಅಂತ ಆಕ್ಷೇಪ ಬಂತು, ನಾವಿಬ್ಬರೂ ಕಾಲು ಗಂಟೆ ಮೊದಲೇ ಹೋಗತೊಡಗಿದೆವು.

ಮೂರನೆಯದು ನನಗೆ ಕಷ್ಟವಾದದ್ದು. ಬಾಯಿ ಮುಚ್ಚಿದೆ. ಎದುರಿಗೆ ಕೂರುವುದನ್ನು ಬಿಟ್ಟು ಪಕ್ಕದಲ್ಲಿ ಕೂತೆ, ಇಬ್ಬರ ಮುಖವೂ ಹೊರಬಾಗಿಲ ಕಡೆಗೆ. ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಹದಿನೈದು ಯೂರೋಗೆ ನನ್ನ ಅಳತೆಯದೇ ಒಂದು ಹಿಮದಂಗಿ ತಂದೆ. ನೇರಳೆ ಬಣ್ಣ, ಎಡಮೊಣಕಾಲಿಗೆ ತೇಪೆ. ಅವನು ಅವನದ್ದು, ನಾನು ನನ್ನದು. ಬಸ್ ಸ್ಟಾಪಿನಲ್ಲಿ ಎಸ್ಟೋನಿಯನ್ನರು ಒಬ್ಬರ ಪಕ್ಕ ಒಬ್ಬರು ಮಾತಿಲ್ಲದೆ ಹತ್ತು ನಿಮಿಷ ನಿಲ್ಲುತ್ತಾರಲ್ಲ, ಮೊದಲು ನನಗೆ ಅದು ಗಂಟುಮುಖ ಅನ್ನಿಸಿತ್ತು. ಆ ಥರವೇ ಕೂತೆ. ಮೊದಲ ವಾರ ಗಂಟಲು ತುರಿಸುತ್ತಿತ್ತು.

ಫೋಟೋ ಬದಲು ಒಂದೇ ವಸ್ತು ಇಟ್ಟೆ, ಹೆಲ್ಕುರ್. ಕತ್ತಲಲ್ಲಿ ವಾಹನದ ಬೆಳಕಿಗೆ ಮಿಂಚುವ ಪದಕ, ನಡೆದು ಹೋಗುವವರೂ ಕತ್ತಲಾದರೆ ಧರಿಸಲೇಬೇಕು ಅಂತ ಅಲ್ಲಿ ಕಾನೂನಿದೆ, ಎಲ್ಲರ ಕೋಟಿನಲ್ಲೂ ದಾರ ಕಟ್ಟಿ ನೇತಾಡುತ್ತಿರುತ್ತದೆ. ಎಲ್ಲೆಲ್ಲೋ ಪುಕ್ಕಟೆ ಕೊಡುತ್ತಾರೆ. ಅದು ಕೈಗೆ ಬಂತು ಅಂದರೆ ಹೊರಗೆ ಹೋಗುವುದು. ತೂಲೆಕೋದಾ ತಲುಪಿದ ಮೇಲೆ ಅದನ್ನೇ ಜಿಪ್ಪಿನ ತುದಿಗೆ ಕೀ ಬಂಚಿನ ಉಂಗುರ ಹಾಕಿ ಸಿಕ್ಕಿಸುವುದು, ಹಿಡಿದು ಎಳೆಯಲು ಅನುಕೂಲ.

ಮೊದಲ ವಾರ ಪೂರ್ತಿ ನಾನೇ ಹಾಕಿ, ಗಲ್ಲದ ಕೆಳಗಿನ ನಾಲ್ಕು ಬೆರಳಷ್ಟು ಜಿಪ್ ಮಾತ್ರ ಅವನಿಗೆ ಬಿಟ್ಟೆ. ಅವನು ಉಂಗುರ ಎಳೆದ, ಅದೇ ಕ್ಷಣಕ್ಕೆ ಬಾಗಿಲು ತೆಗೆದೆ. ಉಯ್ಯಾಲೆ. ಎರಡನೇ ದಿನ ಎಳೆದು ಬಾಗಿಲನ್ನೇ ನೋಡಿದ. ಆಗಲೇ ನನಗೆ ಗೊತ್ತಾಯಿತು, ಇದು ಆಗುತ್ತದೆ. ಮೂರನೇ ವಾರಕ್ಕೆ ಪೂರ್ತಿ ಜಿಪ್. ಬಲತೋಳು ಒಂದೇ ಎರಡು ವಾರ ತಿಂದಿತು, ಒಳಗೆ ಸ್ವೆಟರಿನ ತೋಳು ಮೇಲೆ ಸರಿದು ಗಂಟಾಗುತ್ತಿತ್ತು. ಅಂಗೈಯಲ್ಲಿ ಸ್ವೆಟರಿನ ತುದಿ ಹಿಡಿಸಿದ ಮೇಲೆ ಸರಿಹೋಯಿತು. ಬೂಟು ಸುಲಭ, ವೆಲ್ಕ್ರೋ. ಒಂಬತ್ತನೇ ವಾರದ ಸುಮಾರಿಗೆ ಕಾಲುಗಳು. ಒಂದು ದಿನ ಕಾಲು ಸಿಕ್ಕಿಕೊಂಡಿತ್ತು, ಬಿಡಿಸಲು ಹೋದೆ, ಕೈ ತಳ್ಳಿದ. ಕಚ್ಚಲಿಲ್ಲ, ತಳ್ಳಿದ. ಗಾಜಿನ ಒಳಬಾಗಿಲ ಹಿಂದೆ ನಿಂತಿದ್ದ ಹಿರಿಯ ಟೀಚರ್ "ಇಸೆ" ಅಂದರು, ಮೆಲ್ಲಗೆ. ನಾನೇ ಮಾಡ್ತೀನಿ ಅಂತ ಅಲ್ಲಿನ ಪುಟಾಣಿಗಳು ಹಟ ಹಿಡಿದು ಹೇಳುವ ಮಾತು ಅದು. ಅವನ ಪರವಾಗಿ ಅವರು ಹೇಳಿದರು.

ಬಾಗಿಲಾಚೆಗೆ ಹೋದ ಕೈಗವಸನ್ನು ಅವನೇ ಕೇಳಿ ಹಾಕಿಕೊಳ್ಳುವ ಹಾಗೆ ಮಾಡಿದ್ದು ಹೇಗೆ ಅಂತ ಕೇಳುತ್ತೀರಿ. ಅದಕ್ಕೊಂದು ಉಪಾಯ ಇದೆ, ಖರ್ಚಿಲ್ಲದ್ದು. ಅದನ್ನು ಬರೆಯುವುದಿಲ್ಲ. ಸಿಕ್ಕಾಗ ಕೈಯಲ್ಲೇ ಮಾಡಿ ತೋರಿಸುತ್ತೇನೆ, ಬರೆದರೆ ಎಲ್ಲರೂ ತಪ್ಪಾಗಿ ಮಾಡುತ್ತಾರೆ.

ಮಾರ್ಚ್ ಕೊನೆಗೆ ಏಳೆಂಟು ನಿಮಿಷ, ಪಕ್ಕದಲ್ಲಿ ಒಬ್ಬರು ಕೂತರೆ ಸಾಕು. ಹಿರಿಯ ಟೀಚರ್ ನೋಡಿ "ಪೋಲೆ ಪಹಾ" ಅಂದರು. ಕೆಟ್ಟದ್ದೇನಿಲ್ಲ ಅಂತ. ಇಷ್ಟೇನಾ ಅಂದುಕೊಂಡೆ. ಅಡಿಗೆಯವರು ಹೇಳಿದರು, ಅವರ ಬಾಯಲ್ಲಿ ಅದು ಬಂದದ್ದು ಇಪ್ಪತ್ತು ವರ್ಷದಲ್ಲಿ ಎರಡು ಸಲವಂತೆ. ಮುಂದಿನ ಸೋಮವಾರ ನೋಡುತ್ತೇನೆ, ತೂಲೆಕೋದಾದಲ್ಲಿ ಇನ್ನಿಬ್ಬರು ಮಕ್ಕಳ ಬೆಂಚು ಹಾಕಿಸಿದ್ದಾರೆ. ನನಗೆ ಒಂದು ಮಾತೂ ಹೇಳಿರಲಿಲ್ಲ.

ನಡುನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಹಿಮದ ಮೇಲೆ ರಂಗೋಲಿ ಹಾಕಿಸಲು ಹೋದೆ, ಬಿಳಿಯ ಮೇಲೆ ಬಿಳಿ ಕಾಣುತ್ತದೆಯೇ? ಬೀಟ್‌ರೂಟ್ ಬೇಯಿಸಿದ ನೀರನ್ನು ಕೆಚಪ್ ಬಾಟಲಿಗೆ ತುಂಬಿ ಚುಕ್ಕಿ ಇಡಿಸಿದೆ, ಬಾಟಲಿ ಹಿಂಡುವುದು ಬೆರಳಿನ ಶಕ್ತಿಗೆ ಒಳ್ಳೆಯ ವ್ಯಾಯಾಮ. ಮಕ್ಕಳಿಗೆ ಖುಷಿ. ಒಬ್ಬ ತಾಯಿ ಅಂಗಳದಲ್ಲಿ ಕೆಂಪು ನೋಡಿ ಯಾರಿಗೋ ಪೆಟ್ಟಾಗಿದೆ ಅಂತ ಓಡಿ ಬಂದರು. ನಾಲ್ಕು ಅಂಗಿಗಳ ಕಲೆ ಹೋಗಲೇ ಇಲ್ಲ, ಅಲ್ಲಿಗೆ ನಿಂತಿತು. ಇನ್ನೊಂದು ಕಮಾ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು, ಹುಳಿ ಹಾಲಿನಲ್ಲಿ ಕಲಸಿ ತಿನ್ನುತ್ತಾರೆ. ಮೂಗಿಗೆ ಹಿಡಿದರೆ ನಮ್ಮ ಹುರಿಹಿಟ್ಟೇ. ನಾನು ತಂದಿದ್ದ ರಾಗಿ ಹುರಿಹಿಟ್ಟನ್ನು ಅದಕ್ಕೆ ಚಮಚ ಚಮಚವಾಗಿ ಬೆರೆಸಿ, ಹೊಸ ತಿಂಡಿ ಮುಟ್ಟದ ಒಬ್ಬಳು ಹುಡುಗಿಗೆ ಕೊಟ್ಟೆ. ಆರು ವಾರದಲ್ಲಿ ಅರ್ಧಕ್ಕರ್ಧ ರಾಗಿ ತಿಂದಳು, ಅಷ್ಟರಲ್ಲಿ ನನ್ನ ರಾಗಿ ಮುಗಿಯಿತು.

ಒಟ್ಟು ನನ್ನ ಕೈಯಿಂದ ಹೋದದ್ದು ನೂರಮೂವತ್ತು ಯೂರೋ ಚಿಲ್ಲರೆ, ಹನ್ನೊಂದು ಸಾವಿರ ರೂಪಾಯಿ ಅಂದುಕೊಳ್ಳಿ. ಅದರಲ್ಲಿ ಎಂಬತ್ತು ನನ್ನ ಬೂಟಿಗೆ. ಬೆಂಗಳೂರಿನಲ್ಲಿ ಕೊಂಡು ಹೋದದ್ದು ಮಂಜುಗಡ್ಡೆಯ ಮೇಲೆ ಎರಡೇ ದಿನದಲ್ಲಿ ನನ್ನನ್ನು ಬೀಳಿಸಿತ್ತು. ಮಕ್ಕಳ ಹಳೆಯ ಹಿಮದಂಗಿ ಒಂದನ್ನು ಅಭ್ಯಾಸಕ್ಕೆಂದು ಆರು ಯೂರೋಗೆ ತಂದಿದ್ದೆ, ಆಗ ಅದು ಯಾತಕ್ಕೂ ಬರಲಿಲ್ಲ. ಮೇ ತಿಂಗಳಲ್ಲಿ ಬಂತು.

ಮೇನಲ್ಲಿ ಬಿಸಿಲು ಬಂತು, ಹದಿನೆಂಟು ಡಿಗ್ರಿ, ಎಲ್ಲ ಮಕ್ಕಳೂ ಟೀ ಷರಟಿನಲ್ಲಿ. ಪುಟ್ಟ ಹಿಮದಂಗಿ ಇಲ್ಲದೆ ಹೊಸಿಲು ದಾಟುವುದಿಲ್ಲ! ಜಿಪ್ ಎಳೆದರೇ ಬಾಗಿಲು ತೆರೆಯುವುದು ಅಂತ ಕಲಿಸಿದವಳು ನಾನೇ ತಾನೆ. ಹಿರಿಯ ಟೀಚರ್ ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಆ ಆರು ಯೂರೋದ ಅಂಗಿಯನ್ನು ತಂದು ಕತ್ತರಿ ಹಿಡಿದೆ. ಮೊದಲು ಅದನ್ನೇ ಹಾಕಿಸಿ ನಾಲ್ಕು ದಿನ ಬಿಟ್ಟೆ. ಆಮೇಲೆ ಮಂಡಿಯ ಕೆಳಗಿನ ಭಾಗ ಹೋಯಿತು, ಆಮೇಲೆ ತೋಳು, ಆಮೇಲೆ ಪೂರ್ತಿ ಕಾಲು, ಒಳಗಿನ ಹತ್ತಿಯನ್ನು ದಿನಾ ಒಂದು ಹಿಡಿ ಕಿತ್ತೆ. ಮೂರು ವಾರದ ಕೊನೆಗೆ ಉಳಿದದ್ದು ಜಿಪ್ ಇರುವ ಒಂದು ಬನಿಯನ್ನು. ಯಾನಿಪ್ಯಾವ್ ಹಬ್ಬದ ಹೊತ್ತಿಗೆ, ಅಂದರೆ ಜೂನ್ 24ಕ್ಕೆ, ಅದನ್ನೂ ಬಿಟ್ಟ. ಹೆಲ್ಕುರ್ ಮಾತ್ರ ಬಿಡಲಿಲ್ಲ. ರಾತ್ರಿ ಹತ್ತಕ್ಕೂ ಬೆಳಕಿರುವ ಆ ದಿನಗಳಲ್ಲಿ ಕತ್ತಲಿಗೆ ಮಿಂಚುವ ಪದಕ ಮುಷ್ಟಿಯಲ್ಲಿ ಹಿಡಿದುಕೊಂಡು ಉಯ್ಯಾಲೆಗೆ ಓಡುತ್ತಿದ್ದವನು ಇಡೀ ಅಂಗಳದಲ್ಲಿ ಅವನೊಬ್ಬನೇ.