ತೆಳು ತಳದ ಶೂ ಕೊಳ್ಳುವ ಮುಂಚೆ

ತೆಳು ತಳದ ರನ್ನಿಂಗ್ ಶೂ ನೋಡಲು ಸಂಜೆ ಹೊತ್ತು ಹೋಗಿ. ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಗೊತ್ತಾಗುತ್ತದೆ. ಒಳಗಿನ ಇನ್‌ಸೋಲ್ ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ನಿಲ್ಲಿ. ಕಿರುಬೆರಳು ಅಂಚು ದಾಟಿ ಹೊರಗೆ ಬಂತಾ? ಆ ಶೂ ಬೇಡವೇ ಬೇಡ, ಎಷ್ಟೇ ಚೆಂದ ಇರಲಿ. ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗವೂ ಇರಬೇಕು.

ಕಬ್ಬನ್ ಪಾರ್ಕಿನ ಡಾಂಬರು ರಸ್ತೆಗೆ ಸಪಾಟಾದ ತಳ ಸಾಕು. ತುರಹಳ್ಳಿ ಕಾಡಿನ ಸಡಿಲ ಮಣ್ಣಿಗೆ 3-4 ಮಿ.ಮೀ. ಹಲ್ಲುಗಳಿರುವ ತಳ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಜಾರುತ್ತದೆ.

ಈ ಶೂಗಳಲ್ಲಿ ಹಿಮ್ಮಡಿಗೆ ಎತ್ತರ ಇರುವುದಿಲ್ಲ ಅಲ್ವಾ, ಮೀನಖಂಡಕ್ಕೆ ಕೆಲಸ ಜಾಸ್ತಿ. ನಾನು ಮೊದಲ ದಿನವೇ 8 ಕಿ.ಮೀ. ಓಡಿದೆ. ಮೂರು ದಿನ ಗೋಡೆ ಹಿಡಿದು ಮೆಟ್ಟಿಲಿಳಿದೆ. ನೀವು 1 ಕಿ.ಮೀ.ನಿಂದ ಶುರು ಮಾಡಿ, ಉಳಿದ ಓಟಕ್ಕೆ ಹಳೇ ಶೂ ಇರಲಿ.