ತಮ್ಮನಿಗೆ ಜಾಗ ಸಿಕ್ಕ ಮೇಲೆ ಅಕ್ಕ ಶಾಲೆಗೆ ಹೋದಳು

ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರು ಇರುವ ಸಾಲುಮನೆಗಳಲ್ಲಿ, ನಮ್ಮ ಕ್ರೈಸ್ತ ಸಭೆಯ ಪರವಾಗಿ ಮಕ್ಕಳ ಓದು-ಆರೈಕೆಯ ಕೆಲಸ ನೋಡಿಕೊಳ್ಳುತ್ತೇನೆ. ಈ ಸುತ್ತಮುತ್ತಲಿನವರಿಗೆ ಮಿಷನ್ ಹೊಸದಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದವರು, ಜೀತದಲ್ಲಿದ್ದ ಕುಟುಂಬಗಳಿಗೆ ಆನಂದಪುರದಲ್ಲಿ ನೆಲೆ ಕಟ್ಟಿಕೊಟ್ಟರು. ಪಾಠ, ಪ್ರಾರ್ಥನೆಯ ಜೊತೆಗೆ ಉಣ್ಣುವ ಅನ್ನವನ್ನೂ ನಿಲ್ಲುವ ನೆಲವನ್ನೂ ಅವರು ಯೋಚಿಸಿದ್ದರು. ನಾನು ಅವರಿಂದ ಕಲಿತದ್ದು ಅಷ್ಟೇ.

ಹುಡುಗಿಯ ಹೆಸರು ಇಲ್ಲಿ ಬೇಡ, ಪುಟ್ಟಿ ಅನ್ನೋಣ. ಒಂಬತ್ತು ವರ್ಷವಿರಬಹುದು. ಅಪ್ಪ ತೀರಿಕೊಂಡಿದ್ದ, ತಾಯಿ ಕೆಲಸ ಹುಡುಕಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದಳು. ಹಳೆಯ ಶಾಲೆಯ ಟಿಸಿ ಎಲ್ಲೋ, ಆಧಾರ್ ಎಲ್ಲೋ. ಇದೇ ದೊಡ್ಡ ತೊಡಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇದು ಸುಲಭದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ಬರಲಿಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹತ್ತಿರದ ಸರ್ಕಾರಿ ಶಾಲೆಯ ಮೇಡಂ ತಕರಾರಿಲ್ಲದೆ ಸೇರಿಸಿಕೊಂಡರು.

ಸೇರಿದ ವಾರದಲ್ಲೇ ಪುಟ್ಟಿ ಬರುವುದು ನಿಂತಿತು. ರೋಬಸ್ಟಾ ಕಾಫಿಯ ಕುಯ್ಲು ಶುರುವಾಗಿತ್ತು. ತೋಟಕ್ಕೆ ಹೋಗಿ ನೋಡಿದರೆ ಎರಡು ಕಾಫಿ ಗಿಡಗಳ ನಡುವೆ ಸೀರೆಯ ಜೋಲಿ, ಅದರಲ್ಲಿ ಎರಡು ತುಂಬದ ತಮ್ಮ. ಒಂದು ಕೈಯಲ್ಲಿ ಜೋಲಿ ತೂಗುತ್ತಾ ಇನ್ನೊಂದು ಕೈಯಲ್ಲಿ ಕೆಳಗಿನ ರೆಂಬೆಯ ಹಣ್ಣು ಬಿಡಿಸಿ ಅಮ್ಮನ ಚೀಲಕ್ಕೆ ಹಾಕುತ್ತಿದ್ದಳು. ಕೂಲಿ ಕಿಲೋ ಲೆಕ್ಕ. ಸಂಜೆ ತೂಕದಲ್ಲಿ ಅವಳ ಹಣ್ಣೂ ಸೇರುತ್ತಿತ್ತು. “ಇವಳು ಹೋದ್ರೆ ಕೂಸನ್ನ ಯಾರು ನೋಡ್ತಾರೆ ಅಕ್ಕಾ?” ಎಂದು ತಾಯಿ ಕೇಳಿದಳು. ಇದಕ್ಕೆ ಉತ್ತರ ಕೊಡದೆ ಬ್ಯಾಗು, ಪುಸ್ತಕ ಕೊಟ್ಟು ಏನು ಪ್ರಯೋಜನ?

ಸಭೆಯಲ್ಲಿ ಕೆಲವರು, “ಮೈಸೂರಿನ ಯಾವುದಾದರೂ ಹಾಸ್ಟೆಲಿಗೆ ಹಾಕಿಬಿಡಿ, ಊಟ-ಓದು ಎರಡೂ ಆಯ್ತು” ಎಂದರು. ನಾನು ಒಪ್ಪಲಿಲ್ಲ. ಬಡತನವೊಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ಬಿಡಿಸುವುದು ಸರಿಯಲ್ಲ. 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕಡೆಯ ದಾರಿ ಅನ್ನುತ್ತದೆ. ಆಗಲೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು, ನೋಂದಣಿಯಿರುವ ಸಂಸ್ಥೆಯೇ ಆಗಬೇಕು. ಮಿಷನ್‌ನವರಾದ ನಮಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದೂರದ ಹಾಸ್ಟೆಲಿಗೆ ಕಳಿಸಿದ ಮಗುವಿನ ಫೋಟೊ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ.

ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಇಲ್ಲಿನದು ಸಣ್ಣ ತೋಟ. ಕೂಸುಗಳನ್ನು ನೋಡಿಕೊಳ್ಳಲು ಪಂಚಾಯಿತಿ ನಡೆಸುವ ‘ಕೂಸಿನ ಮನೆ’ ದೂರ. ಹಾಗಾಗಿ ನಾವೇ ಲೈನಿನಲ್ಲಿ ಹುಡುಕಿದೆವು. ಮಂಡಿನೋವಿನಿಂದ ಕೆಲಸ ಬಿಟ್ಟ ಒಬ್ಬ ಅಜ್ಜಿ ಇದ್ದರು. ತೋಟದ ಸಾವ್ಕಾರ್ರ ಹತ್ತಿರ ಮಾತಾಡಿ ಖಾಲಿ ಬಿದ್ದಿದ್ದ ಒಂದು ಕೋಣೆ ಕೇಳಿದೆ. ಸುಣ್ಣ ಬಳಿದು ಕೊಟ್ಟರು. ಸಭೆಯ ಹೆಂಗಸರ ಸಂಘ ಹಾಲಿನ ಖರ್ಚು ಮತ್ತು ಅಜ್ಜಿಗೆ ತಿಂಗಳಿಗೆ ಇಷ್ಟು ಅಂತ ಕೊಡತೊಡಗಿತು. ನಾಲ್ಕೈದು ಕೂಸುಗಳು ಅಲ್ಲಿ ಸೇರಿದವು. ಆನೆ ಕಾಟದ ದಾರಿಯಲ್ಲಿ ಪುಟ್ಟಿ ಒಬ್ಬಳೇ ನಡೆಯಬಾರದಲ್ಲ, ಅದಕ್ಕೆ ಪಕ್ಕದ ಲೈನಿನ ದೊಡ್ಡ ಮಕ್ಕಳ ಜೊತೆ ಹೊರಡುವ ಹಾಗೆ ಮಾಡಿದೆವು. ಆನೆ ಇಳಿದಿದೆ ಎಂದರೆ ಅವತ್ತು ಶಾಲೆ ಇಲ್ಲ, ಮೇಡಂಗೆ ಫೋನು.

ಯೇಸುವಿನ ಹೆಸರು ಹೇಳಿದಿರಾ ಎಂದು ಸಭೆಯವರೂ ಹೊರಗಿನವರೂ ಕೇಳುತ್ತಾರೆ. ಹಾಲು ಕೊಡುವ ಕೋಣೆಯಲ್ಲಿ ಪ್ರಾರ್ಥನೆ ಇಲ್ಲ. ಆಮಿಷದ ಮತಾಂತರದ ಮೇಲೆ 2022ರಲ್ಲಿ ಕಾಯ್ದೆ ಬರುವ ಮೊದಲಿಂದಲೂ ನನ್ನ ನಿಯಮ ಇದೇ. ಹಸಿದ ಮನೆಯಲ್ಲಿ ಕೇಳಿದ “ಹೂಂ” ಯಾವ ದೇವರಿಗೂ ಸಲ್ಲದು. ಯಾಕೆ ಬರ್ತೀರಿ ಎಂದು ಆ ತಾಯಿ ಕೇಳಿದಾಗ ಮಾತ್ರ ನನ್ನ ನಂಬಿಕೆ ಹೇಳಿದೆ. ಅವಳು ತಲೆಯಾಡಿಸಿದಳು, ತನ್ನ ದೇವರಿಗೆ ಹರಕೆ ಕಟ್ಟುವುದನ್ನು ಬಿಡಲಿಲ್ಲ.

ದೊಡ್ಡವಳಾಗಿ ಏನಾಗ್ತೀಯಾ ಎಂದರೆ ಪುಟ್ಟಿ ಟೀಚರ್, ಡಾಕ್ಟರ್ ಅನ್ನಲಿಲ್ಲ. “ರೈಟರ್” ಎಂದಳು, ತೂಕ ಬರೆಯುವವರು. ಮುಂದಿನ ಕುಯ್ಲಿನ ಒಂದು ಸಂಜೆ ಅಮ್ಮನ ಚೀಟಿ ಓದಿ, ಹಿಂದಿನ ದಿನದ ತೂಕ ಸೇರಿಲ್ಲ ಎಂದು ಕೂಗಿದಳಂತೆ. ರೈಟರ್ ಮುಖ ಗಂಟಿಕ್ಕಿಕೊಂಡು ಪುಸ್ತಕ ತಿರುವಿ ನೋಡಿ ತಿದ್ದಿದರು. ಅವತ್ತಿನಿಂದ ಶಾಲೆಗೆ ಹೊರಡಿಸುವ ಕೆಲಸ ತಾಯಿಯದೇ, ನಾನು ಹೇಳಬೇಕಾಗಿಲ್ಲ. ತಮ್ಮನಿಗೆ ಮೂರು ತುಂಬಿದೆ, ಅಂಗನವಾಡಿಗೆ ಸೇರಿಸಬೇಕು. ಅವನ ಜನನ ಪ್ರಮಾಣಪತ್ರಕ್ಕಾಗಿ ಓಡಾಡುತ್ತಿದ್ದೇನೆ.